ಹಂಪುಗಳಿಗೆ ಕುಡಿಸಿದ ಪೆಟ್ರೋಲು

'ಕಾಮಗಾರಿ ಪ್ರಗತಿಯಲ್ಲಿದೆ, ಬದಲಿ ಮಾರ್ಗ ಬಳಸಿ' ಎಂಬ ಫಲಕವನ್ನು ಈ ವಾರ ನಮ್ಮ ದಾರಿಗೂ ತಂದು ನೆಟ್ಟಿದ್ದಾರೆ. ಯಾವಾಗ ಮುಗಿಯುತ್ತದೆ ಎಂದು ಕೇಳುವ ಹುಚ್ಚು ಬೆಂಗಳೂರಿನಲ್ಲಿ ಈಗ ಯಾರಿಗೂ ಉಳಿದಿಲ್ಲ. 2017ರಲ್ಲಿ ಶುರುವಾದ ಈಜಿಪುರ ಮೇಲ್ಸೇತುವೆಯ ಕಂಬಗಳನ್ನು ನೋಡಿಕೊಂಡೇ ಅಲ್ಲಿನ ಮಕ್ಕಳು ಹೈಸ್ಕೂಲು ಸೇರಿದರು. ನನ್ನ ತಕರಾರು ಬೇರೆ.

ಹೊಸ ದಾರಿ ಅಂಥ ಸುತ್ತೇನಲ್ಲ. ಆದರೂ ಹದಿನೈದರ ಆಸುಪಾಸಿನಲ್ಲಿದ್ದ ಕಾರಿನ ಮೈಲೇಜು ಹನ್ನೊಂದಕ್ಕೆ ಕುಸಿದಿದೆ. ಕಾರಣ ದೂರವಲ್ಲ, ಹಂಪು.

ಹಂಪಿನ ಮಾತು ಬಂದರೆ ನಾನು ಸುಮ್ಮನಿರುವವನಲ್ಲ ಎಂದು ಈ ಅಂಕಣ ಓದುವವರಿಗೆ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದಾದ ದಿಬ್ಬ. ಈ ಬಡಾವಣೆಯಲ್ಲಿರುವುದು ಮಿಕ್ಕ ಡಾಂಬರು ಸುರಿದು ಸನಿಕೆಯಲ್ಲಿ ತಟ್ಟಿದ ಗೋರಿ. ಬ್ರೇಕ್ ಒತ್ತಿ, ಮುಂದಿನ ಚಕ್ರ ಹತ್ತಿಸಿ, ಹಿಂದಿನದನ್ನು ಧೊಪ್ಪೆಂದು ಇಳಿಸಿ, ಮತ್ತೆ ಫಸ್ಟ್ ಗೇರಿನಿಂದ ಎಳೆಯಬೇಕು. ಪೆಟ್ರೋಲು ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಸೆಕೆಂಡ್ ಗೇರಿಗೆ ಬರುವಷ್ಟರಲ್ಲಿ ಇನ್ನೊಂದು ಹಂಪು.

ದೂರದಿಂದಲೇ ಆಕ್ಸಿಲರೇಟರ್ ಬಿಟ್ಟು ಉರುಳಿಕೊಂಡು ಬನ್ನಿ, ಮೈಲೇಜು ಉಳಿಯುತ್ತದೆ ಎಂದು ಮೆಕ್ಯಾನಿಕ್ ಬುದ್ಧಿ ಹೇಳಿದ. ನಿಜವೇ. ಬೆನ್ನಿಗೆ ನೀರಿನ ಟ್ಯಾಂಕರ್ ಹಾರ್ನು ಬಾರಿಸುತ್ತಿರುವಾಗ ಅವನೇ ಒಮ್ಮೆ ಉರುಳಿ ತೋರಿಸಲಿ. ಕಂಪನಿಯವರು ಹೇಳುವ ಮೈಲೇಜಂತೂ ಪ್ರಯೋಗಾಲಯದ ರೋಲರ್ ಮೇಲೆ ಕಾರು ಓಡಿಸಿ ಬರೆದದ್ದು. ರೋಲರ್‌ಗೆ ಹಂಪಿಲ್ಲ.

ಒಂದು ಹಂಪಿನ ಪಕ್ಕದ ಮನೆಯವರು ಗೇಟಿಗೆ ಒರಗಿ ಪೇಪರ್ ಓದುತ್ತಿದ್ದರು. ಗಾಜು ಇಳಿಸಿ, ಇದನ್ನು ಹಾಕಿಸಿದ್ದು ಯಾರು ಎಂದೆ. "ನಾನೇ ಸ್ವಾಮಿ. ನೀವೆಲ್ಲ ನಮ್ಮ ಬೀದಿಗೆ ನುಗ್ಗಿದ ಮೇಲೆ ಇನ್ನೊಂದಕ್ಕೂ ಹೇಳಿದ್ದೀನಿ" ಎಂದರು. ತಲೆ ಎತ್ತಲೂ ಇಲ್ಲ. (ಆ ಮನೆ ನನ್ನದಾಗಿದ್ದರೆ ಮೂರು ಹಾಕಿಸುತ್ತಿದ್ದೆ, ಅದು ಬೇರೆ ಮಾತು.)

ಇವನ್ನು ಕಿತ್ತು ಅಳತೆಗೆ ತಕ್ಕಂತೆ ಹಾಕುತ್ತಾರೆಂಬ ಆಸೆ ನನಗಿಲ್ಲ. ಪೆಟ್ರೋಲಿನ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಏರಿಸಿದರು. ಹಂಪು ಹತ್ತಿ ಇಳಿಯಲು ಸುಡುವ ಪೆಟ್ರೋಲಿಗೂ ಅದೇ ದರ. ಟೋಲ್ ವಸೂಲಿಗಾದರೆ ಬೂತ್ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು, ಜಗಳಕ್ಕೆ ಪೊಲೀಸರನ್ನು ಕರೆಯಬೇಕು. ಇದಕ್ಕೆ ನಾಲ್ಕು ಬಾಂಡ್ಲಿ ಡಾಂಬರು ಸಾಕು.