ಸ್ಟಿಕ್ಕರ್ ಹೇಳದ ಲ್ಯಾಪ್‌ಟಾಪ್ ಲೆಕ್ಕ

ಅಂಗಡಿಯ ಮೇಜಿನ ಮೇಲೆ ಅಕ್ಕಪಕ್ಕ ಎರಡು ಲ್ಯಾಪ್‌ಟಾಪ್ ಇವೆ ಎಂದುಕೊಳ್ಳಿ. ಒಂದರ ಮೇಲೆ ‘ಕೋರ್ ಐ7’ ಸ್ಟಿಕ್ಕರ್, ಇನ್ನೊಂದರ ಮೇಲೆ ‘ಕೋರ್ ಐ5’. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಖುಷಿಯಲ್ಲಿರುವ ಅಪ್ಪ ಸಾಲ ಮಾಡಿಯಾದರೂ ಯಾವುದನ್ನು ಎತ್ತಿಕೊಳ್ಳುತ್ತಾನೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿದರೆ ಮೊದಲನೆಯದು ಐ7–1355ಯು, ಎರಡನೆಯದು ಐ5–13500ಎಚ್. ಎರಡೂ ಇಂಟೆಲ್‌ನ 13ನೇ ಪೀಳಿಗೆಯವು. ಭಾರದ ಕೆಲಸ ಹೊರುವ ದೊಡ್ಡ ಕೋರ್‌ಗಳು ಐ7ನಲ್ಲಿ ಎರಡು, ಐ5ನಲ್ಲಿ ನಾಲ್ಕು. ಸಣ್ಣ ಕೋರ್‌ಗಳು ಎರಡರಲ್ಲೂ ಎಂಟೆಂಟು. ಇಂಟೆಲ್ ಗೊತ್ತುಮಾಡಿರುವ ಮೂಲ ವಿದ್ಯುತ್ ಮಿತಿ ಐ7ಗೆ 15 ವಾಟ್, ಐ5ಗೆ 45 ವಾಟ್. ವಿಡಿಯೊ ಎಡಿಟಿಂಗ್‌ನಂಥ ಅರ್ಧ ಗಂಟೆಯ ದುಡಿಮೆಗೆ ಹಚ್ಚಿದರೆ ಐ5 ಮುಂದೆ ಹೋಗುತ್ತದೆ, ಐ7 ಹಿಂದೆ ಉಳಿಯುತ್ತದೆ.

ಹೆಸರಿನ ಕೊನೆಗೆ ‘ಯು’ ಇರುವ ಚಿಪ್ ಕೆಟ್ಟದ್ದೆಂದಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬರಬೇಕು, ಚೀಲ ಹಗುರವಿರಬೇಕು ಎನ್ನುವವರಿಗೆ ಅದೇ ಸರಿ. ಆದರೆ ಅದೇ ಪೀಳಿಗೆಯ ಐ5–1335ಯು ಚಿಪ್‌ನಲ್ಲೂ ಐ7–1355ಯುನಷ್ಟೇ ಕೋರ್‌ಗಳಿವೆ, ಅಷ್ಟೇ ಕ್ಯಾಶ್ ಮೆಮೊರಿಯಿದೆ. ಗರಿಷ್ಠ ವೇಗ ಮಾತ್ರ 5 ಗಿಗಾಹರ್ಟ್ಸ್ ಬದಲು 4.6. ‘ಏಳು’ ಎಂಬ ಅಂಕಿಗೆ ನಾವು ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಎಷ್ಟು ಭಾಗ ಚಿಪ್‌ಗೆ, ಎಷ್ಟು ಭಾಗ ಅಂಕಿಗೆ ಎಂದು ಕೇಳಲೇಬೇಕಾಗುತ್ತದೆ.

ಎಎಂಡಿಯದು ಇನ್ನೊಂದು ಬಗೆಯ ಕಣ್ಕಟ್ಟು. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎಂಬ ಹೆಸರುಗಳನ್ನು ನೋಡಿದರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಗುಟ್ಟು ಮೂರನೆಯ ಅಂಕಿಯಲ್ಲಿದೆ. ‘2’ ಎಂದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್. ‘3’ ಎಂದರೆ ಝೆನ್ 3, ಆರು ಕೋರ್. 2023ರ ಡಿಸೆಂಬರ್‌ನಲ್ಲಿ ಇಂಟೆಲ್ ಇದನ್ನೇ ಎತ್ತಿ ಆಡಿ, ಹಳೆಯ ಸರಕಿಗೆ ಹೊಸ ಹೆಸರು ಅಂಟಿಸಲಾಗುತ್ತಿದೆ ಎಂದು ಪ್ರತಿಸ್ಪರ್ಧಿಯನ್ನು ಗೇಲಿ ಮಾಡಿತು. ಸ್ವಲ್ಪ ದಿನಕ್ಕೇ ತನ್ನ 13ನೇ ಪೀಳಿಗೆಯ ವಿನ್ಯಾಸವನ್ನು ‘ಕೋರ್ 7 150ಯು’ ಎಂಬ ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹಂಡೆ ಮಡಕೆಗೆ ಮಸಿ ಎಂದಂತಾಯಿತು.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಹೆಸರಾದರೂ ನೆಟ್ಟಗಿದೆಯೇ ಎಂದರೆ ಅಲ್ಲೂ ಇಲ್ಲ. ಲ್ಯಾಪ್‌ಟಾಪ್‌ಗಳ ಆರ್‌ಟಿಎಕ್ಸ್ 4060 ಚಿಪ್‌ಗೆ ಎನ್‌ವಿಡಿಯಾ ಕೊಟ್ಟಿರುವ ವಿದ್ಯುತ್ ವ್ಯಾಪ್ತಿ 35ರಿಂದ 115 ವಾಟ್. ಎಷ್ಟು ಉಣಿಸಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಿಸುವ ಕಂಪನಿ. ಒಂದೇ ಹೆಸರಿನ ಎರಡು ಯಂತ್ರಗಳಲ್ಲಿ ಒಂದು ಹೊಟ್ಟೆ ತುಂಬ ಉಂಡು ದುಡಿಯುತ್ತದೆ, ಇನ್ನೊಂದು ಅರೆಹೊಟ್ಟೆಯಲ್ಲಿ ಏದುಸಿರು ಬಿಡುತ್ತದೆ.

ಹಾಗಿದ್ದರೆ ಬೆಂಚ್‌ಮಾರ್ಕ್ ಅಂಕ ನೋಡಿದರಾಯಿತಲ್ಲ ಎನ್ನಬಹುದು. ನೋಡಬೇಕು, ಆದರೆ ಯಾವ ಪರೀಕ್ಷೆಯ ಅಂಕ ಎಂಬುದನ್ನೂ ನೋಡಬೇಕು. ಗೀಕ್‌ಬೆಂಚ್‌ನಂಥವು ಸಣ್ಣ ಸಣ್ಣ ಕೆಲಸ ಕೊಟ್ಟು ನಡುವೆ ಬಿಡುವು ಕೊಡುವ ಪರೀಕ್ಷೆಗಳು. ಮೂಲ ಮಿತಿ 15 ವಾಟ್ ಇರುವ ಐ7–1355ಯು ಕೆಲವು ಸೆಕೆಂಡ್ ಮಟ್ಟಿಗೆ 55 ವಾಟ್‌ವರೆಗೂ ನುಂಗಬಲ್ಲದು. ಅಷ್ಟರಲ್ಲಿ ಪರೀಕ್ಷೆ ಮುಗಿದರೆ ಒಳ್ಳೆಯ ಅಂಕ ಬರುತ್ತದೆ. ಮುಗಿಯದಿದ್ದರೆ ಬಿಸಿ ಏರುತ್ತದೆ, ಫ್ಯಾನ್ ಕೂಗುತ್ತದೆ, ವೇಗ ಇಳಿಯುತ್ತದೆ. ಸಿನಿಬೆಂಚ್ ಆರ್23 ಹತ್ತು ನಿಮಿಷ ಬಿಡದೆ ದುಡಿಸುವ ಪರೀಕ್ಷೆಯನ್ನೇ ರೂಢಿ ಮಾಡಿದ್ದು ಈ ಕಾರಣಕ್ಕೆ. ನೂರು ಮೀಟರ್ ಓಟಗಾರನನ್ನೂ ಗದ್ದೆ ಉಳುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚಾರ್ಜರ್ ಕಿತ್ತಿಟ್ಟು ಅದೇ ಪರೀಕ್ಷೆ ಮಾಡಿದರೆ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳ ಅಂಕ ಮತ್ತಷ್ಟು ಕುಸಿಯುತ್ತದೆ. ಚಾರ್ಜಿಂಗ್ ಪಾಯಿಂಟ್ ಕಡಿಮೆ ಇರುವ ತರಗತಿಗೆ ಯಂತ್ರ ಹೊತ್ತೊಯ್ಯುವ ವಿದ್ಯಾರ್ಥಿಗೆ ನಿಜವಾಗಿ ಬೇಕಾದ ಅಂಕ ಅದೇ.

ನುಡಿ ತಂತ್ರಾಂಶದಲ್ಲಿ ಲೇಖನ ಟೈಪಿಸಿ ಇ–ಮೇಲ್ ಕಳಿಸುವ ನನ್ನಂಥವರಿಗೆ ಇದ್ಯಾವುದೂ ಬೇಡ ಎನ್ನಿ. ನಮಗೆ ಹತ್ತು ವರ್ಷದ ಹಳೆಯ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿದರೂ ನಡೆದೀತು. ಆದರೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ್ದರಿಂದ, ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನ ಬಹುತೇಕ ಚಿಪ್‌ಗಳನ್ನು ಒಪ್ಪದ್ದರಿಂದ, ನಡೆಯುತ್ತಿದ್ದ ಯಂತ್ರಗಳನ್ನೂ ಬದಲಿಸುವ ಒತ್ತಡ ಬಂತು. ಹೊಸ ಖರೀದಿಯ ಭರಾಟೆಗೆ ಅದೂ ಒಂದು ಕಾರಣ.

ಇನ್ನು ಮೇಲ್ದರ್ಜೆಗೇರಿಸುವ ಮಾತು. ಬೆಂಗಳೂರಿನ ಎಸ್‌.ಪಿ. ರಸ್ತೆ ನಮಗೆಲ್ಲ ಕಲಿಸಿದ ಒಂದು ಉಪಾಯವಿತ್ತು: ಕಡಿಮೆ ಬೆಲೆಯ ಮಾಡೆಲ್ ಕೊಳ್ಳಿ, ಆರು ತಿಂಗಳ ಬಳಿಕ ರ್‍ಯಾಮ್, ಎಸ್‌ಎಸ್‌ಡಿ ತಂದು ಹಾಕಿಸಿ. ಅಂಗಡಿಯವನು ಕಣ್ಣೆದುರೇ ಮುಚ್ಚಳ ಬಿಚ್ಚಿ ಕೂರಿಸಿಕೊಡುತ್ತಿದ್ದ. ಆ ಉಪಾಯದ ಬುಡಕ್ಕೆ ಎರಡು ಕಡೆಯಿಂದ ಕೊಡಲಿ ಬಿದ್ದಿದೆ.

ಒಂದು, ಬೆಸುಗೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಈಗ ಸ್ಲಾಟ್‌ನಲ್ಲಿ ಕೂರುವುದಿಲ್ಲ, ಮದರ್‌ಬೋರ್ಡ್‌ಗೇ ಬೆಸೆದಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಪ್ರೊಸೆಸರ್‌ನ ಜೊತೆಯೇ ಅಡಕವಾಗಿದೆ. 16 ಅಥವಾ 32 ಜಿಬಿ, ಮೂರನೆಯ ಆಯ್ಕೆ ಇಲ್ಲ. ಇದು ಬರೀ ದುರಾಸೆಯಲ್ಲ: ಬೆಸೆದ ಮೆಮೊರಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗ ಕೊಡುತ್ತದೆ. ಆದರೆ ಕೊಳ್ಳುವ ದಿನವೇ ಮುಂದಿನ ಐದು ವರ್ಷದ ತೀರ್ಮಾನವೂ ಆಗಿಹೋಗುತ್ತದೆ. ಮ್ಯಾಕ್‌ಬುಕ್ ಏರ್‌ನಲ್ಲಿ 16ರಿಂದ 24 ಜಿಬಿಗೆ ಏರಲು ಆ್ಯಪಲ್ ಭಾರತದಲ್ಲಿ 20 ಸಾವಿರ ರೂಪಾಯಿ ಕೇಳುತ್ತ ಬಂದಿರುವುದು ಹೊರಗಿನಿಂದ ಹಾಕಿಸುವ ದಾರಿಯೇ ಇಲ್ಲವೆಂಬ ಧೈರ್ಯದಿಂದ.

ಎರಡು, ಬೆಲೆ. ಎಐ ಡೇಟಾ ಸೆಂಟರ್‌ಗಳ ಹಸಿವು 2025ರ ಕೊನೆಗೆ ಮೆಮೊರಿ ಚಿಪ್‌ಗಳ ಬೆಲೆಯನ್ನು ಎತ್ತಿ ನಿಲ್ಲಿಸಿತು. ಜಗತ್ತಿನ ರ್‍ಯಾಮ್ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ದೊಡ್ಡ ಗಿರಾಕಿ ಬಾಗಿಲಲ್ಲಿ ನಿಂತಾಗ ಚಿಲ್ಲರೆ ಗಿರಾಕಿಯನ್ನು ಯಾರು ಮಾತಾಡಿಸುತ್ತಾರೆ? ಮೈಕ್ರಾನ್ ಸುಮಾರು ಮೂರು ದಶಕದ ತನ್ನ ‘ಕ್ರೂಷಿಯಲ್’ ಚಿಲ್ಲರೆ ವ್ಯವಹಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಸಾರಿತು. ಆಮೇಲೆ ಅಗ್ಗವಾಗುತ್ತದೆ, ಆಗ ಹಾಕಿಸೋಣ ಎಂಬ ನಂಬಿಕೆಗೆ ಈಗ ಆಧಾರವಿಲ್ಲ.

ಆದ್ದರಿಂದ ನನ್ನ ಲೆಕ್ಕ ಇದು: ಆಮೇಲೆ ಬದಲಿಸಲಾಗದ್ದಕ್ಕೆ ಮೊದಲು ದುಡ್ಡು ಹಾಕಬೇಕು. ಐ5 ಬಿಟ್ಟು ಐ7ಗೆ ಹೋಗುವ ಹಣವನ್ನು 16 ಜಿಬಿ ರ್‍ಯಾಮ್‌ಗೂ ಒಳ್ಳೆಯ ಪರದೆಗೂ ಕೊಡಿ. ಪರದೆಯ ಬಗ್ಗೆ ನಮ್ಮವರು ಕೇಳುವುದೇ ಇಲ್ಲ. ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂದಿದ್ದರೆ ಬಣ್ಣ ಪೇಲವ, ಕಿಟಕಿಯ ಪಕ್ಕ ಕೂತರೆ ಅಕ್ಷರ ಕಾಣದು. ದಿನಕ್ಕೆ ಎಂಟು ಗಂಟೆ ದಿಟ್ಟಿಸುವುದು ಅದನ್ನೇ ತಾನೆ? ಎಸ್‌ಎಸ್‌ಡಿ ಮಾತ್ರ ಈಗಲೂ ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಿಚ್ಚಿ ಬದಲಿಸಬಹುದಾದ ಭಾಗ. ಒಂದು ಟಿಬಿ ಇಂದೇ ಬೇಕೆಂದು ಹಟ ಹಿಡಿಯಬೇಕಿಲ್ಲ.

ಸ್ಲಾಟ್ ಇರುವ ಯಂತ್ರವಾದರೆ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು. ಒಂಟೆತ್ತಿಗೂ ಜೋಡೆತ್ತಿಗೂ ಇರುವ ವ್ಯತ್ಯಾಸ ಅದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಮೂಡಿಸುವ ಕೆಲಸವೂ ಇದೇ ರ್‍ಯಾಮ್‌ನ ಹೆಗಲ ಮೇಲೆ. 13ನೇ ಪೀಳಿಗೆಯ ಇಂಥ ಇಂಟೆಲ್ ಯಂತ್ರದಲ್ಲಿ ಒಂದೇ ಕಡ್ಡಿ ಇದ್ದರೆ ‘ಐರಿಸ್ ಎಕ್ಸ್‌ಇ’ ಎಂದು ಮಾರಿದ ಗ್ರಾಫಿಕ್ಸ್ ತನ್ನನ್ನು ತಾನೇ ಬರೀ ‘ಯುಎಚ್‌ಡಿ’ ಎಂದು ತೋರಿಸಿಕೊಳ್ಳುತ್ತದೆ. ಯಂತ್ರಕ್ಕಿರುವ ಈ ಪ್ರಾಮಾಣಿಕತೆ ಜಾಹೀರಾತಿಗಿಲ್ಲ.

‘ಎಐ ಪಿಸಿ’ ಎಂಬ ಹೊಸ ಸ್ಟಿಕ್ಕರ್ ಬಗ್ಗೆ ಒಂದೇ ಮಾತು. ಚಾಟ್‌ಜಿಪಿಟಿ ಓಡುವುದು ದೂರದ ಸರ್ವರ್‌ನಲ್ಲಿ, ನಿಮ್ಮ ಯಂತ್ರದ ಎಐ ಪ್ರೊಸೆಸರ್ ಆದ ಎನ್‌ಪಿಯುನಲ್ಲಲ್ಲ. ಆದರೆ ಮೈಕ್ರೊಸಾಫ್ಟ್‌ನ ‘ಕೋಪೈಲಟ್ ಪ್ಲಸ್’ ಗುರುತಿಗೆ ಕನಿಷ್ಠ 16 ಜಿಬಿ ರ್‍ಯಾಮ್ ಕಡ್ಡಾಯವಾದ್ದರಿಂದ, ಆ ನೆಪದಲ್ಲಾದರೂ 8 ಜಿಬಿಯ ಕಾಟ ಕಡಿಮೆಯಾಗಲಿ.

ಇಷ್ಟನ್ನೆಲ್ಲ ಗಿರಾಕಿಯೇ ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕೆನ್ನುವುದು ಯಾವ ನ್ಯಾಯ? ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಬರೆಯದಿದ್ದರೆ ದಂಡ ಬೀಳುತ್ತದೆ. ಫ್ರಿಜ್‌ನ ಬಾಗಿಲಿಗೆ ಬಿಇಇ ನಕ್ಷತ್ರದ ಚೀಟಿ ಅಂಟಿರುತ್ತದೆ. ಅರುವತ್ತು ಸಾವಿರದ ಲ್ಯಾಪ್‌ಟಾಪ್‌ಗೆ 18% ಜಿಎಸ್‌ಟಿ ಕಟ್ಟುವವನಿಗೆ ಚಿಪ್ ಎಷ್ಟು ವಾಟ್‌ನಲ್ಲಿ ಓಡುತ್ತದೆ, ರ್‍ಯಾಮ್ ಸ್ಲಾಟ್ ಎಷ್ಟಿವೆ ಎಂದು ಪೆಟ್ಟಿಗೆಯ ಮೇಲೆ ಓದುವ ಹಕ್ಕಿಲ್ಲವೇ? ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್‌ನ ಬೆಲೆಯ ಪಕ್ಕದಲ್ಲಿ ಅದು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂಕ ಎಂದು ಬರೆಯಲೇಬೇಕು. ನಮ್ಮಲ್ಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇಂಥದೇ ಸೂಚ್ಯಂಕಕ್ಕಾಗಿ 2024ರಲ್ಲಿ ಸಮಿತಿ ಮಾಡಿತು. ಆ ಸೂಚ್ಯಂಕ ಬರುವಾಗ ಲ್ಯಾಪ್‌ಟಾಪ್ ಹೊರಗುಳಿಯಬಾರದು. ವಾಟ್ ಮತ್ತು ಸ್ಲಾಟ್‌ಗಳ ವಿವರವೂ ಅದೇ ಚೀಟಿಯಲ್ಲಿರಬೇಕು.

ಅಲ್ಲಿಯವರೆಗೆ ಗಿರಾಕಿಯ ಕೈಯಲ್ಲಿರುವುದು ಮೂರು ಕೀಲಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಪ್ರದರ್ಶನಕ್ಕಿಟ್ಟ ವಿಂಡೋಸ್ ಯಂತ್ರದಲ್ಲಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿಗೆ ಹೋದರೆ ಎಷ್ಟು ಸ್ಲಾಟ್, ಯಾವ ಬಗೆ ಎಂದು ಬರೆದಿರುತ್ತದೆ. ಮೊನ್ನೆ ಒಂದು ಅಂಗಡಿಯಲ್ಲಿ, ‘ಈಗ 8 ತಗೊಳ್ಳಿ ಸರ್, ಆಮೇಲೆ 16 ಮಾಡಿಸ್ಕೋಬಹುದು’ ಎಂದು ಭರವಸೆ ಕೊಡುತ್ತಿದ್ದ ಹುಡುಗನ ಮುಂದೆಯೇ ಒತ್ತಿದೆ. ‘ರೋ ಆಫ್ ಚಿಪ್ಸ್’ ಎಂದು ಬಂತು. ಹಾಗೆಂದರೆ ಬೆಸೆದ ಮೆಮೊರಿ. ಹುಡುಗ ಬಗ್ಗಿ ನೋಡಿ, ‘ಇದೆಲ್ಲಿತ್ತು ಸರ್?’ ಎಂದು ಕೇಳಿ, ಪಕ್ಕದ ಯಂತ್ರದಲ್ಲೂ ಅದೇ ಮೂರು ಕೀಲಿ ಒತ್ತತೊಡಗಿದ.