ಅರಮನೆಯನ್ನು ನೋಡುವ ಬಗೆ

ಕೃಷ್ಣೆಯ ದಡದ ತಂಗಡಗಿಯಂತಹ ಊರುಗಳಿಂದಲೂ ಇಂದು ರಜೆಯಲ್ಲಿ ಮಕ್ಕಳೊಡನೆ ವಿದೇಶದ ಅರಮನೆಗಳನ್ನು ನೋಡಿಬರುವವರುಂಟು. ಇದು ಸಂತೋಷದ ಸಂಗತಿಯೇ. ಆದರೆ ಬೆರಗಾದರಷ್ಟೇ ಸಾಲದು. ಆ ವೈಭವಕ್ಕೆ ಬೆಲೆ ತೆತ್ತವರಾರು, ಅದು ಏಕೆ ಬರಿದಾಯಿತು ಎಂದೂ ಕೇಳಬೇಕು.

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಒಂದೇ ಸಭಾಂಗಣದಲ್ಲಿ 357 ಕನ್ನಡಿಗಳಿವೆ. ಅವುಗಳಲ್ಲಿ ಅರಸರಿಗೆ ತಮ್ಮ ಮುಖ ಕಂಡಿತೇ ಹೊರತು ಪ್ರಜೆಗಳ ಹಸಿವು ಕಾಣಲಿಲ್ಲ. 1789ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಹೆಂಗಸರು ರೊಟ್ಟಿಗಾಗಿ ಅದರ ಬಾಗಿಲಿಗೆ ಬಂದರು. ಮರುದಿನವೇ ಅರಸನು ಅದನ್ನು ತೊರೆಯಬೇಕಾಯಿತು.

ನಮ್ಮ ವಿಜಯಪುರದ ಗಗನಮಹಲನ್ನೇ ನೋಡಿರಿ. 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಆದಿಲಶಾಹಿಗಳ ಆಳ್ವಿಕೆ ಮುಗಿಯಿತು. ಈಗ ಉಳಿದಿರುವುದು ಸೂರಿಲ್ಲದ ಕಮಾನುಗಳು. ಇವುಗಳ ಕೆಳಗೆ ನಿಂತು ಯೋಚಿಸಿದ ಮಗುವಿಗೆ ಆ ಕನ್ನಡಿಗಳ ಅರ್ಥವೂ ತಿಳಿದೀತು. ಪ್ರವಾಸವು ಮನೆಯ ಸಮೀಪದಿಂದಲೇ ಆರಂಭವಾಗಲಿ.