ಕೂರುವುದು ಬೇರೆ, ಒಪ್ಪುವುದು ಬೇರೆ

ಪುಣೆ ಕ್ಯಾಂಪ್‌ನಂಥ ಹಳೆಯ ಬಡಾವಣೆಗಳಲ್ಲಿ, ಕಟ್ಟಡಗಳ ಮೆಟ್ಟಿಲಡಿಯಲ್ಲಿ ಒಂದು ಬಗೆಯ ಸೈಕಲ್ ಧೂಳು ಹಿಡಿದು ನಿಂತಿರುತ್ತದೆ. ಹದಿನೈದು ವರ್ಷದ ಹಿಂದೆ ಒಳ್ಳೆಯ ಬೆಲೆ ಕೊಟ್ಟು ಕೊಂಡ ಮೌಂಟನ್ ಬೈಕ್. ಅಲ್ಯೂಮಿನಿಯಂ ಫ್ರೇಮಿಗೆ ಏನೂ ಆಗಿಲ್ಲ, 26 ಇಂಚಿನ ಚಕ್ರಗಳು ನೆಟ್ಟಗಿವೆ. ಕೆಟ್ಟಿರುವುದು ಮುಂದಿನ ಸಸ್ಪೆನ್ಷನ್ ಫೋರ್ಕ್ ಒಂದೇ: ಒತ್ತಿದರೆ ಇಳಿಯುತ್ತದೆ, ಮೇಲೇಳುವುದಿಲ್ಲ. ಅಂಗಡಿಗೆ ಒಯ್ದರೆ ಬಹುತೇಕ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. “ಇದಕ್ಕೀಗ ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ.” ಇಲ್ಲವೇ, “ಈ ಫೋರ್ಕ್ ಕೂರುತ್ತೆ, ಹಾಕಿ ಕೊಡ್ತೀನಿ.” ಮೊದಲನೆಯದು ದುಂದುವೆಚ್ಚದ ದಾರಿ. ಎರಡನೆಯದು ಕೆಲವೊಮ್ಮೆ ಹಲ್ಲು ಮುರಿಸಿಕೊಳ್ಳುವ ದಾರಿ.

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿತ್ತು. ಕರ್ವೆನಗರದ ವಿಕ್ರಂ ಪೆಂಡ್ಸೆ ಸೈಕಲ್ ಮ್ಯೂಸಿಯಂನಲ್ಲಿ ಆ ಕಾಲದ ಗಾಡಿಗಳನ್ನು ಈಗಲೂ ನೋಡಬಹುದು. ಆಗಿನ ಕಪ್ಪು ಸೈಕಲ್ಲಿನ ಫೋರ್ಕ್, ಹಿಂದಿಯಾಡುವ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಚಿಮಟಾ’, ಬಾಗಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಯಾವುದೇ ಇರಲಿ, ಅಳತೆ ಹೆಚ್ಚುಕಡಿಮೆ ಒಂದೇ. ಒಂದರದ್ದು ಇನ್ನೊಂದಕ್ಕೆ ಆಗುತ್ತಿತ್ತು.

ಮೌಂಟನ್ ಬೈಕಿನ ಕಥೆ ಹಾಗಲ್ಲ. 1990ರ ಆಸುಪಾಸಿನಲ್ಲಿ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಬಂದಾಗಿನಿಂದ ಅಳತೆಗಳು ಬದಲಾಗುತ್ತಲೇ ಇವೆ. ಹ್ಯಾಂಡಲ್ಲಿಗೆ ಸೇರುವ ಸ್ಟಿಯರರ್ ಕೊಳವೆ ಮೊದಲು ಒಂದು ಇಂಚಿನದು, ತುದಿಯಲ್ಲಿ ಥ್ರೆಡ್ ಇರುತ್ತಿತ್ತು. ಆಮೇಲೆ ಥ್ರೆಡ್ ಇಲ್ಲದ 28.6 ಮಿ.ಮೀ. ಕೊಳವೆ ಬಂತು. ಈಗಿನ ಒಳ್ಳೆಯ ಫೋರ್ಕುಗಳಲ್ಲಿ ಅದು ಮೇಲೆ 28.6, ಕೆಳಗೆ ಒಂದೂವರೆ ಇಂಚು. ಅಚ್ಚು 9 ಮಿ.ಮೀ.ನಿಂದ 15ಕ್ಕೆ ಏರಿತು, ಹಬ್ಬಿನ ಅಗಲ 100ರಿಂದ 110ಕ್ಕೆ. ಚಕ್ರ 27.5 ಮತ್ತು 29 ಇಂಚಿಗೆ ಬೆಳೆಯಿತು. ಪ್ರತಿ ಬದಲಾವಣೆಗೂ ಕಾರಣವಿದೆ. ದಪ್ಪ ಅಚ್ಚಿದ್ದರೆ ಫೋರ್ಕ್ ತಿರುಚುವುದು ಕಡಿಮೆ, ದೊಡ್ಡ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ. ಆದರೆ ಎಲ್ಲವೂ ಸೇರಿ ಗಟ್ಟಿಮುಟ್ಟಾದ ಹಳೆಯ ಫ್ರೇಮನ್ನು ಒಂಟಿ ಮಾಡಿವೆ.

26 ಇಂಚಿನ ಚಕ್ರ ನಮ್ಮಲ್ಲಿ ಇನ್ನೂ ಓಡುತ್ತಿದೆ. ಟೈರು, ಟ್ಯೂಬು ಸಣ್ಣ ಊರಿನಲ್ಲೂ ಸಿಗುತ್ತವೆ. ಅಗ್ಗದ ಸ್ಪ್ರಿಂಗ್ ಫೋರ್ಕೂ ಸಿಗುತ್ತದೆ, ಆದರೆ ಅವುಗಳಲ್ಲಿ ಹಲವು ಥ್ರೆಡ್ ಕೊಳವೆಯವು, ಭಾರದವು, ಡಿಸ್ಕ್ ಬ್ರೇಕಿಗೆ ಜಾಗವಿಲ್ಲದವು. ಹಾಗಾಗಿ ಅಂಗಡಿಗೆ ಕಾಲಿಡುವ ಮೊದಲೇ ಅಳತೆಗಳು ಕೈಯಲ್ಲಿರಬೇಕು: ಸ್ಟಿಯರರ್‌ನ ದಪ್ಪ ಮತ್ತು ಉದ್ದ, ಅಚ್ಚಿನ ಬಗೆ, ಬ್ರೇಕಿನ ಬಗೆ, ಚಕ್ರದ ಅಳತೆ, ಕೊನೆಯದಾಗಿ ಅಚ್ಚಿನಿಂದ ಕ್ರೌನ್‌ವರೆಗಿನ ಉದ್ದ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಟಿಯರರ್ ಉದ್ದವನ್ನು ಮೊದಲು ನೋಡಬೇಕು. ಹಿಂದಿನವರು ತಮ್ಮ ಸಣ್ಣ ಫ್ರೇಮಿಗೆ ಕತ್ತರಿಸಿದ್ದರೆ ಅದನ್ನು ಮತ್ತೆ ಬೆಳೆಸಲಾಗದು.

ಅತಿ ಹೆಚ್ಚು ಕಡೆಗಣಿಸುವುದು ಆ ಕೊನೆಯ ಅಳತೆಯನ್ನೇ. 28.6ರ ನೇರ ಕೊಳವೆಯಿರುವ 29 ಇಂಚಿನ ಫೋರ್ಕ್ ಹಳೆಯ ಫ್ರೇಮಿನೊಳಗೆ ಸುಲಭವಾಗಿ ಕೂರುತ್ತದೆ. ಆದರೆ ಅದು ಮೂರು ನಾಲ್ಕು ಸೆಂ.ಮೀ. ಉದ್ದ. ಸುಮಾರು ಎರಡು ಸೆಂ.ಮೀ. ಹೆಚ್ಚಾದರೆ ಮುಂಭಾಗದ ಕೋನ ಒಂದು ಡಿಗ್ರಿ ಸಡಿಲವಾಗುತ್ತದೆ. ಹ್ಯಾಂಡಲ್ ಮೇಲೇಳುತ್ತದೆ, ಏರಿನಲ್ಲಿ ಮುಂದಿನ ಚಕ್ರ ದಾರಿ ಬಿಟ್ಟು ಅಲೆಯುತ್ತದೆ, ಉದ್ದದ ಸನ್ನೆಗೋಲಿನ ಹಾಗೆ ಪ್ರತಿ ಗುಂಡಿಯ ಏಟೂ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಬೀಳುತ್ತದೆ. ಸಿಂಹಗಡದ ಇಳಿಜಾರಿನಲ್ಲಿ ಆ ಬೆಸುಗೆ ಬಿಟ್ಟರೆ ಮುಂದೇನೆಂದು ಹೇಳಬೇಕಿಲ್ಲ. ಕೊಳವೆಯಲ್ಲಿ ಕೂರುವುದು ಬೇರೆ, ಫ್ರೇಮಿಗೆ ಒಪ್ಪುವುದು ಬೇರೆ. ಅಂಗಡಿಯವರ ‘ಆಗುತ್ತೆ’ ಎಂಬ ಒಂದು ಮಾತಿನಲ್ಲಿ ಎರಡೂ ಕಲಸಿಹೋಗಿರುತ್ತವೆ. ಅಳೆಯುವಾಗಲೂ ಎಚ್ಚರ ಬೇಕು: ಕುಸಿದ ಫೋರ್ಕನ್ನು ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ, ಪೂರ್ತಿ ಎಳೆದು ಅಳೆಯಬೇಕು.

ನಿಜಕ್ಕೂ ಬದಲಿಸುವ ಮೊದಲು ಬಿಚ್ಚಿ ನೋಡಬೇಕು. ಪುಣೆಯ ಮಳೆಗಾಲದ ಕೆಸರಿಗೆ ಮೊದಲು ಸೋಲುವುದು ಸೀಲುಗಳು. ಒಳಗಿನ ಕಾಲುಗಳ ಹೊಳಪು ಉಳಿದಿದ್ದರೆ ಸೀಲು, ಎಣ್ಣೆ ಬದಲಿಸಿ ಹಲವು ಫೋರ್ಕುಗಳನ್ನು ಉಳಿಸಬಹುದು. 30 ಅಥವಾ 32 ಮಿ.ಮೀ. ಕಾಲಿನ ಸೀಲುಗಳು ಇನ್ನೂ ಸಿಗುತ್ತವೆ. ಆ ಕಾಲುಗಳಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಮಾತ್ರ ಆಸೆ ಬಿಡಬೇಕು.

ಆಗಲೂ ಸಸ್ಪೆನ್ಷನ್ನೇ ಬೇಕೆಂಬ ಹಟ ಬೇಡ. ಕ್ಯಾಂಪ್‌ನಿಂದ ಕೋರೆಗಾಂವ್ ಪಾರ್ಕಿಗೆ ಕೆಲಸಕ್ಕೆ ಹೋಗಿಬರುವವರಿಗೆ ಉಕ್ಕಿನ ರಿಜಿಡ್ ಫೋರ್ಕ್ ಸಾಕು, ಅಗಲದ ಟೈರು ಉಳಿದ ಕುಲುಕಾಟವನ್ನು ನುಂಗುತ್ತದೆ. ಸವಾರ ಕೂತಾಗ ಸಸ್ಪೆನ್ಷನ್ ಎರಡು ಸೆಂ.ಮೀ.ನಷ್ಟು ಇಳಿಯುವುದರಿಂದ, ರಿಜಿಡ್ ಅಷ್ಟು ಗಿಡ್ಡವಿದ್ದರೆ ಕೋನ ಮೊದಲಿನಂತೆಯೇ ಇರುತ್ತದೆ. ಮೌಂಟನ್ ಬೈಕಿನ ಅಂದ ಕೆಡುತ್ತದೆ ಎನ್ನುವವರಿದ್ದಾರೆ. ಮೆಟ್ಟಿಲಡಿಯಲ್ಲಿ ನಿಂತ ಬೈಕಿಗಿಂತ ರಸ್ತೆಯಲ್ಲಿ ಓಡುವ ಬೈಕ್ ಅಂದ. ವೇತಾಳ ಟೇಕಡಿಯ ಕಲ್ಲುದಾರಿಯಲ್ಲಿ ವಾರವಾರ ಇಳಿಯುವವರ ಮಾತು ಬೇರೆ. ಅವರು ಸರಿಯಾದ ಫೋರ್ಕಿಗಾಗಿ ಕಾಯಬೇಕು, ಸಿಕ್ಕಿದ್ದನ್ನು ತುರುಕಬಾರದು.

ಇಷ್ಟನ್ನೂ ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗೆ ಸಮಿತಿ ಮಾಡಿ, ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣ, ಮೋಟಾರು ವಾಹನಗಳನ್ನು ಮುಖ್ಯ ಕ್ಷೇತ್ರಗಳೆಂದು ಗುರುತಿಸಿತು. ಸೈಕಲ್ಲಿಗೂ ಆ ಸಾಲಿನಲ್ಲಿ ಜಾಗ ಬೇಕು. ಬೇಡಿಕೆ ದೊಡ್ಡದೇನಲ್ಲ. ಪ್ರತಿ ಫ್ರೇಮಿನ ಮೇಲೆ ಸ್ಟಿಯರರ್‌ನ ಅಳತೆ ಮತ್ತು ತಾಳಬಲ್ಲ ಗರಿಷ್ಠ ಫೋರ್ಕ್ ಉದ್ದವನ್ನು ಅಚ್ಚು ಹಾಕಲಿ. ಹಳೆಯ ಅಳತೆಯ ಒಂದಾದರೂ ಸಾದಾ ಫೋರ್ಕನ್ನು ಪ್ರತಿ ಕಂಪನಿಯೂ ಮಾರಾಟದಲ್ಲಿ ಉಳಿಸಲಿ. ಟೈರಿನ ಬದಿಯಲ್ಲಿ ಅಳತೆ ಅಚ್ಚಾಗಿರುವುದರಿಂದಲೇ ಟೈರ್ ಕೊಳ್ಳಲು ಯಾರೂ ಪರಿಣತರಾಗಬೇಕಿಲ್ಲ. ಫೋರ್ಕಿಗೂ ಅಷ್ಟು ಮಾಡಲು ಬೇಕಾಗುವುದು ಒಂದು ಸ್ಟಿಕ್ಕರ್.